ಲೀಟರಿಗೆ ಇಪ್ಪತ್ತೆಂಟು

ಮಾರ್ಚ್ 7, ಸಂಜೆ

ಮತ್ತೆ ಲೀಟರಿಗೆ ಇಪ್ಪತ್ತೆಂಟೇ ಕಿಲೋಮೀಟರ್. ಬೈಕಿನ ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆದುಕೊಂಡು, ವಾರವಿಡೀ ಶಾಲೆಗೆ ಹೋಗಿ ಬಂದು, ಮತ್ತೆ ಪೂರ್ತಿ ತುಂಬಿಸಿ ಭಾಗಿಸಿದೆ. ಈ ಹಳೇ ಗಾಡಿ ಮಾರುವಾಗ ಊರಿನ ದನದ ಡಾಕ್ಟರ್ ಹೇಳಿದ್ದ — "ಲೀಟರಿಗೆ ನಲವತ್ತು ಕೊಡುತ್ತೆ ಟೀಚರಮ್ಮ, ಕಣ್ಣು ಮುಚ್ಚಿ ತಗೊಳ್ಳಿ." ಕಣ್ಣು ಮುಚ್ಚಿಯೇ ತಗೊಂಡೆ. ಗಣಿತದ ಟೀಚರಿಗೇ ಟೋಪಿ.

ಎಲೀಹಿಯೊ ಮರಗೆಣಸು ಬೇಯಿಸಿಟ್ಟಿದ್ದ. ಕುಡಿತ ಬಿಟ್ಟಮೇಲೆ ನನ್ನ ತಮ್ಮನಿಗೆ ಅಡುಗೆ ಹುಚ್ಚು. ಇವತ್ತಿಗೆ ಹನ್ನೊಂದು ತಿಂಗಳಂತೆ. ಅವನೇ ಲೆಕ್ಕ ಇಡುತ್ತಾನೆ, ನಾನು ಕೇಳುವುದಿಲ್ಲ.

ಮಾರ್ಚ್ 10

ಮೆಕ್ಯಾನಿಕ್ ದೋನ್ ಬಾಲ್ಬಿನೊ ಪ್ಲಗ್ ಬಿಚ್ಚಿ ತೋರಿಸಿದ. ಮಸಿ ಹಿಡಿದು ಕಪ್ಪು. ಏರ್ ಫಿಲ್ಟರ್ ತಟ್ಟಿದರೆ ಒಂದು ಹಿಡಿ ಕೆಂಪು ಮಣ್ಣು. "ಉಸಿರಾಡಕ್ಕೆ ಗಾಳಿ ಇಲ್ದೆ ಪೆಟ್ರೋಲ್ ಕುಡೀತಿದೆ, ಪಾಪ." ಪ್ಲಗ್ ಹೊಸದು. ಫಿಲ್ಟರ್ ತೊಳೆದ. ಪೆಟ್ರೋಲ್ ಕಡಿಮೆ ಹರಿಯಲಿ ಅಂತ ಕಾರ್ಬ್ಯುರೇಟರ್ ಸೂಜಿ ಒಂದು ಮೆಟ್ಟು ಇಳಿಸಿದ.

ಮಾರ್ಚ್ 17

ಗ್ಯಾರೇಜಿಂದ ಬಂದ ದಿನವೇ ಎಲೀಹಿಯೊ ಹಿಂದಿನ ಚಕ್ರ ಎತ್ತಿ ತಿರುಗಿಸಿದ್ದ. "ನೋಡಕ್ಕ, ಬ್ರೇಕ್ ಹಿಡ್ಕೊಂಡೇ ಇದೆ." ಅವನೇ ಸಡಿಲ ಮಾಡಿ, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ತುಂಬಿಸಿಕೊಂಡು ಬಂದಿದ್ದ. ಇವತ್ತು ಭಾಗಿಸಿದರೆ ಇಪ್ಪತ್ತೆಂಟೂವರೆ. ಅರ್ಧಕ್ಕೆ ಇಷ್ಟು ಪಾಡು!

ಮತ್ತೆ ಗ್ಯಾರೇಜಿಗೆ ಒಯ್ದೆ. ದೋನ್ ಬಾಲ್ಬಿನೊ ಕೈ ಒರೆಸಿಕೊಂಡು ಅಂದ — "ಇಂಜಿನ್ನಲ್ಲಿ ಏನೂ ಇಲ್ಲ ಟೀಚರಮ್ಮ. ಗಾಡಿ ಕುಡೀತಿಲ್ಲ ಅಂದ್ರೆ ಬೇರೆ ಯಾರೋ ಕುಡೀತಿದಾರೆ."

ಗ್ಯಾರೇಜಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ 18

ಎಲೀಹಿಯೊ ಕೂಲಿಗೆ ಹುಲ್ಲು ಕತ್ತರಿಸುವ ಮಿಷಿನ್ ಪೆಟ್ರೋಲಿನದು. ಅದು ನಿಲ್ಲುವುದು ನನ್ನ ಗಾಡಿಯ ಪಕ್ಕ, ಅದೇ ಸೂರಿನಡಿ. ಈ ಯೋಚನೆ ನಿನ್ನೆಯಿಂದ ಬಿಡುತ್ತಿಲ್ಲ. ಅಮ್ಮನ ಹೊಲಿಗೆ ಮಿಷಿನ್ ಮಾರಿ ಕುಡಿದವನು ಇವನೇ ಅಲ್ಲವೇ? ಮಾರನೇ ದಿನ ಏನೂ ಗೊತ್ತಿಲ್ಲದವನ ಹಾಗೆ ನಮ್ಮ ಜೊತೆಯೇ ಹುಡುಕಿದ್ದ!

ಮಾರ್ಚ್ 22, ಭಾನುವಾರ, ಮಧ್ಯಾಹ್ನ 3

ಆಗಿಹೋಯಿತು. ಬರೆದುಬಿಡುತ್ತೇನೆ.

ಮಾವಿನ ಮರದಡಿ ತೆರೆರೆ ಕುಡಿಯಲು ಕೂತಿದ್ದೆವು. ಪಕ್ಕದ ಮನೆಯ ಮುದುಕಿ ಞಾ ದೆಲ್ಫಿನಾ, ಅವಳ ಅಳಿಯ, ಎಲೀಹಿಯೊ, ನಾನು. ಸುರಿಯುವವಳು ನಾನೇ. ಎಲೆಪುಡಿಯ ಮೇಲೆ ತಣ್ಣೀರು ಹಾಕಿ, ಒಂದೇ ಕೊಂಬಿನ ಲೋಟವನ್ನು ಸರದಿಯಂತೆ ಒಬ್ಬೊಬ್ಬರಿಗೇ ದಾಟಿಸುತ್ತ ಬಂದೆ. ಎಲೀಹಿಯೊ ಕೈ ಚಾಚಿದ. ಅವನನ್ನು ಬಿಟ್ಟು ಮುದುಕಿಗೆ ಕೊಟ್ಟೆ. ನಾಯಿಗೂ ಯಾರೂ ಹಾಗೆ ಮಾಡುವುದಿಲ್ಲ.

"ಏನೇ ಸುನಿಲ್ದಾ, ತಮ್ಮನ ಸರದಿ ಕಣೆ!" ಅಂದಳು ಮುದುಕಿ.

"ಪೆಟ್ರೋಲ್ ಕದಿಯೋನಿಗೆ ಸರದಿ ಇಲ್ಲ."

ಚಾಚಿದ ಕೈ ಹಾಗೇ ಇತ್ತು. ನಂತರ ಕೇಳಿದ — "ಎಷ್ಟು ಹೋಗಿದೆ ಅಕ್ಕ?"

"ವಾರಕ್ಕೆ ಒಂದೂಕಾಲು ಲೀಟರ್. ಲೆಕ್ಕ ಬರೆದಿಟ್ಟಿದೀನಿ."

ಕೈ ಹಿಂದಕ್ಕೆ ತೆಗೆದುಕೊಂಡ. "ಹಾಗಾದ್ರೆ ನಾನೇ ಇರ್ಬೇಕು."

ಒಪ್ಪಿಕೊಂಡ! ಎಲ್ಲರ ಮುಂದೆ, ಅವನ ಬಾಯಿಂದಲೇ. ಎರಡು ಗಂಟೆಯ ಬಸ್ಸಿಗೆ ಮಿಷಿನ್ ಹೆಗಲಿಗೇರಿಸಿ ಹೊರಟ. ನಾನು ತಡೆಯಲಿಲ್ಲ.

ಮಾರ್ಚ್ 30

ಸೂರಿಗೆ ತಟ್ಟಿ ಕಟ್ಟಿಸಿ ಬೀಗ ಹಾಕಿದ್ದೇನೆ. ಇಪ್ಪತ್ತೆಂಟು.

ಮೂರು ಸಲ ಭಾಗಿಸಿದೆ.

ಏಪ್ರಿಲ್ 6

ಲೆಕ್ಕ ಹಾಕಲಿಲ್ಲ. ಮನಸ್ಸಾಗಲಿಲ್ಲ.

ಏಪ್ರಿಲ್ 25, ಶನಿವಾರ, ಸಂಜೆ 6

ಟೀಚರುಗಳ ಮೀಟಿಂಗಿಗೆ ವಿಯ್ಯಾರಿಕಾ ಪಟ್ಟಣಕ್ಕೆ ಗಾಡಿಯಲ್ಲೇ ಹೊರಟೆ. ಶಾಲೆಯ ಮಣ್ಣು ರಸ್ತೆಯಲ್ಲಿ ದೂರ ತೋರಿಸುವ ಯಾವ ಕಲ್ಲೂ ಇಲ್ಲ. ಡಾಂಬರು ರಸ್ತೆಯಲ್ಲಿ ಕಿಲೋಮೀಟರಿಗೊಂದು. ಮೂವತ್ತರ ಕಲ್ಲು ದಾಟಿದಾಗ ಸುಮ್ಮನೆ ಮೀಟರ್ ನೋಡಿದೆ. ನಲವತ್ತರ ಕಲ್ಲಿನ ಹತ್ತಿರ ಮತ್ತೆ ನೋಡಿದೆ. ಹತ್ತು ಕಿಲೋಮೀಟರಿಗೆ ಮೀಟರ್ ಓಡಿದ್ದು ಏಳು. ಗಾಡಿ ತಿರುಗಿಸಿ ಮೂವತ್ತರ ಕಲ್ಲಿಗೆ ವಾಪಸ್ ಬಂದೆ. ಏಳೇ. ಮೀಟಿಂಗಿಗೆ ಹೋಗಲಿಲ್ಲ, ಸೀದಾ ಗ್ಯಾರೇಜಿಗೆ.

ದೋನ್ ಬಾಲ್ಬಿನೊ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಓಹೋ. ಈ ಚಕ್ರ ಈ ಗಾಡೀದಲ್ಲ. ಕೆಸರಿಗೆ ಒಳ್ಳೇದು ಅಂತ ದೊಡ್ಡದು ಹಾಕ್ಸಿದಾರೆ. ಒಳಗಡೆ ಮೀಟರ್ ಗೇರು ಇನ್ಯಾವುದೋ ಗಾಡೀದು. ನಿಮ್ಗೆ ನಲವತ್ತೇ ಬರ್ತಿದೆ ಟೀಚರಮ್ಮ, ಮೊದಲಿಂದ್ಲೂ."

"ಆವಾಗ್ಲೇ ಹೇಳಕ್ಕೇನಾಗಿತ್ತು?"

"ನೀವು ಕಿಲೋಮೀಟರ್ ಬರ್ಕೊಂಡ್ ಬಂದಿದ್ರಿ. ಟೀಚರ್ ಬರ್ದಿದ್ದನ್ನ ನಾನ್ಯಾಕೆ ಮತ್ತೆ ಅಳೀಲಿ?"

ಒಂದು ರಾತ್ರಿ ಟ್ಯಾಂಕಿಗೆ ಕಡ್ಡಿ ಅದ್ದಿ ಗುರುತು ಮಾಡಿದ್ದರೆ ಸಾಕಿತ್ತು. ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತಿತ್ತು. ಮಾಡಲಿಲ್ಲ. ಕಳ್ಳ ಯಾರೆಂದು ಗೊತ್ತಾಗಿಬಿಟ್ಟಿತ್ತಲ್ಲ ನನಗೆ, ಇನ್ನು ಅಳೆಯುವುದೇನು! ನನ್ನ ಮೇಲೆ ನನಗೇ ಹೇಸಿಗೆ.

ಏಪ್ರಿಲ್ 26, ಭಾನುವಾರ, ಸಂಜೆ 7

ಎಲೀಹಿಯೊ ವಿಯ್ಯಾರಿಕಾದಾಚೆ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದಾನೆ ಅಂತ ಞಾ ದೆಲ್ಫಿನಾಳ ಅಳಿಯ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಯಾಕೆಂದು ಹೋದಮೇಲೆ ಗೊತ್ತಾಯಿತು.

ಹನ್ನೆರಡು ಗಂಟೆಗೇ ಪೂರ್ತಿ ಕುಡಿದಿದ್ದ. ಹಸಿ ಇಟ್ಟಿಗೆಯ ಸಾಲಿಗೆ ಒರಗಿ ಕೂತಿದ್ದ.

"ನೀನು ಕದ್ದಿಲ್ಲ ಕಣೋ. ಮೀಟರ್ ಕೆಟ್ಟಿತ್ತು. ತಪ್ಪು ನಂದು."

ನಕ್ಕ. "ನಿನ್ ಲೆಕ್ಕ ಯಾವತ್ ತಪ್ಪಾಗಿದೆ ಅಕ್ಕ?"

"ಕದೀದೆ ಇದ್ರೆ ಯಾಕೋ ನಾನೇ ಅಂತ ಒಪ್ಕೊಂಡೆ?"

"ಅಮ್ಮನ ಮಿಷಿನ್ ಮಾರಿದ್ದು ನಂಗೆ ಇವತ್ತಿಗೂ ನೆನಪಿಲ್ಲ. ಆದ್ರೆ ಮಾರಿದ್ದು ನಾನೇ ತಾನೆ? ಇದೂ ಹಂಗೇ ಇರ್ಬೇಕು ಅಂದ್ಕೊಂಡೆ. ಒಂದ್ ತೊಟ್ಟೂ ಕುಡೀದೇನೇ ತಲೆ ಹಿಂಗ್ ಕೆಟ್ಟಿದೆ ಅಂದ್ರೆ, ಬಿಟ್ಟು ಏನ್ ಬಂತು, ಹೇಳು?"

ಸುಳ್ಳು ಒಪ್ಪಿಕೊಂಡಿದ್ದಲ್ಲ ಅವನು. ನನ್ನ ಲೆಕ್ಕವನ್ನು ನಂಬಿದ್ದ. ಮತ್ತೆ ಹೇಳೋಣ ಅಂತ ಭುಜ ಅಲುಗಿಸಿದೆ, ಅಷ್ಟರಲ್ಲಿ ನಿದ್ದೆ ಹೋಗಿದ್ದ. ಸಂಜೆವರೆಗೂ ಪಕ್ಕದಲ್ಲೇ ಕೂತು ಕಾದೆ. ಏಳಲಿಲ್ಲ. ನಾನು ಹೇಳಿದ್ದು ಅವನಿಗೆ ನೆನಪಿರುವುದಿಲ್ಲ.

ಏಪ್ರಿಲ್ 27, ಬೆಳಿಗ್ಗೆ 4.40

ಶಾಲೆಗೆ ರಜೆ ಹೇಳಿ ಕಳಿಸಿದ್ದೇನೆ. ಅವನು ಬಾಟಲಿ ಮುಟ್ಟುವ ಮೊದಲೇ ತಲುಪಬೇಕು. ಎದುರಿಗೆ ನಿಂತರೆ ಮಾತು ತಪ್ಪುತ್ತದೆ, ಇಲ್ಲೇ ಬರೆದು ಹಾಳೆ ಹರಿದುಕೊಂಡು ಹೋಗುತ್ತೇನೆ.

ಎಲೀಹಿಯೊ, ನೀನು ಕದ್ದಿಲ್ಲ. ಒಂದು ಹನಿ ಪೆಟ್ರೋಲೂ ಎಲ್ಲಿಗೂ ಹೋಗಿರಲಿಲ್ಲ. ನಿನ್ನ ತಲೆಗೆ ಏನೂ ಆಗಿಲ್ಲ, ನಿನ್ನ ನೆನಪೂ ಸರಿಯಾಗೇ ಇದೆ. ಆ ಹನ್ನೊಂದು ತಿಂಗಳು ನೀನು ನಿಜವಾಗಿಯೂ ಒಂದು ತೊಟ್ಟೂ ಮುಟ್ಟಿರಲಿಲ್ಲ. ತಪ್ಪಿದ್ದು ನನ್ನ ಲೆಕ್ಕ.