ಪಕ್ಕದ ಬಾವಿಯ ಪಾಲು

ಮಾಯಾ ವೈನಿಯವರಿಗೆ ಸುಶೀಲಕುಮಾರನ ಜಯಭೀಮ.

ಫೋನ್ ಮಾಡಿದರೆ ಅವ್ವ ನಿಮ್ಮ ಪಕ್ಕದಲ್ಲೇ ಇರುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ಅಣ್ಣನ ಮಣ್ಣು ಮುಗಿಸಿ ರಾಜಸ್ಥಾನಕ್ಕೆ ಮರಳಿದ ಮೇಲೆ ಮತ್ತೆ ಅದೇ ಕೆಲಸ. ಒಂದು ತೈಲಬಾವಿ ನೆಲದಡಿ ಎಷ್ಟು ಜಾಗದ ಎಣ್ಣೆಯನ್ನು ಎಳೆಯಬಲ್ಲದು ಎಂದು ಅಂದಾಜು ಮಾಡುವುದು. ಪಕ್ಕದ ಬಾವಿ ಎಳೆಯುವ ಜಾಗ ಶುರುವಾದಲ್ಲಿ ಇದರ ಗಡಿ ಮುಗಿಯುತ್ತದೆ. ಆ ಬಾವಿಯನ್ನು ಮುಚ್ಚಿದರೆ ಅದರ ಪಾಲೂ ನಿಧಾನವಾಗಿ ಇದರ ಕಡೆಗೆ ಹರಿಯುತ್ತದೆ. ಈ ವಾರ ಒಂದನ್ನು ಮುಚ್ಚಿದರು. ನಾನು ಹೊಸ ಗಡಿ ಗುರುತಿಸಿ ಕೊಟ್ಟೆ.

ಅಣ್ಣ ಹೋದದ್ದು ಅವ್ವನ ನೆನಪಿನಲ್ಲಿ ನಿಲ್ಲುತ್ತಿಲ್ಲ. ದಿನಾ ಬೆಳಿಗ್ಗೆ ನನಗೆ ಫೋನ್ ಹಚ್ಚಿ, ನನ್ನನ್ನೇ ಅಣ್ಣ ಅಂದುಕೊಂಡು, "ನಾಗಸೇನಾ, ಔರಾದ ಬಸ್ ಸಿಕ್ತೇನೋ?" ಎನ್ನುತ್ತಾಳೆ. "ಹೂಂ ಅವ್ವಾ, ಸಿಕ್ತು" ಎನ್ನುತ್ತೇನೆ. ನೀವು ಅವಳನ್ನು ತಿದ್ದಬೇಡಿರಿ. ಅಣ್ಣ ಕೆಲಸಕ್ಕೆ ಹೋಗುತ್ತಿದ್ದ ಔರಾದ ಬಸ್ ಭಾಲ್ಕಿಯಿಂದ ಎಷ್ಟಕ್ಕೆ ಹೊರಡುತ್ತಿತ್ತು, ಡಬ್ಬಿಯಲ್ಲಿ ಏನು ಒಯ್ಯುತ್ತಿದ್ದ, ಬರೆದು ಕಳಿಸಿರಿ. ಅವಳು ಅದನ್ನೂ ಕೇಳುತ್ತಾಳೆ.

ನಿನ್ನೆ ಕೇಳಿದಳು, "ಸುಶೀಲ ಯಾಕ ಫೋನ್ ಮಾಡವಲ್ಲ?"

"ಅವಂಗ ಹೇಳ್ತೇನಿ ಅವ್ವಾ" ಎಂದೆ.

ನಿಮ್ಮ ಮೈದುನ,
ಸುಶೀಲಕುಮಾರ