ಬಿಳಿ ದಾರ ಕಟ್ಟಿದ ಫೈಲು

ಬುಧವಾರ, ಮಧ್ಯಾಹ್ನದ ಬಿಡುವು

ಮಗಳೇ,

ಕಾಗದ ನೋಡಿ ಗಾಬರಿಯಾಗಬೇಡ. ಇದನ್ನು ಹೇಳಲೆಂದೇ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ನಿನ್ನ ಅತ್ತೆಯ ಕೈಗೆ ಸಿಕ್ಕೀತೆಂದು ಲಕೋಟೆಗೆ ಎರಡೆರಡು ಸಲ ಅಂಟು ಹಚ್ಚಿದ್ದೇನೆ, ತೆಗೆಯುವಾಗ ಅಕ್ಷರ ಹರಿದಿಲ್ಲ ತಾನೇ.

ನಮ್ಮ ಆಸ್ಪತ್ರೆಯ ಹಳೇ ಫೈಲುಗಳ ಕೋಣೆ ಗೊತ್ತಲ್ಲ. ಎರಡು ವರ್ಷದಿಂದ ಕನ್ನಡಕ ಹಾಕಿದ ಒಬ್ಬ ಡಾಕ್ಟರಮ್ಮ ಅಲ್ಲಿ ಕೂತು ಮೂವತ್ತು ನಲವತ್ತು ವರ್ಷದ ಹಿಂದಿನದೆಲ್ಲ ಓದುತ್ತಿದ್ದಾರೆ. ತಾಯಿಯಿಂದ ಮಕ್ಕಳಿಗೆ ಬರುವ ಕ್ಯಾನ್ಸರ್ ಯಾವ ಯಾವ ಮನೆಯಲ್ಲಿದೆ ಅಂತ ಹುಡುಕುವ ಸಂಶೋಧನೆಯಂತೆ. ಅನುಮಾನ ಬಂದ ಫೈಲಿಗೆ ಕೆಂಪು ದಾರ, ಉಳಿದದ್ದಕ್ಕೆ ಬಿಳಿ. ಬಿಳಿಯನ್ನು ಕಪಾಟಿಗೆ ಸೇರಿಸಬೇಕು, ಕೆಂಪನ್ನು ನಾನು ಮೇಲಿನ ಮಹಡಿಗೆ ಒಯ್ಯಬೇಕು. ಅಲ್ಲಿಂದ ಆ ಮನೆಯವರನ್ನು ರಕ್ತ ಪರೀಕ್ಷೆಗೆ ಕರೆಸುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ಕೆಲಸ ಸಾಕು.

ಹೋದ ವರ್ಷ ಒಂದು ಕೆಂಪು ದಾರದ ಫೈಲಿನ ಮೇಲೆ ನನ್ನ ಅಮ್ಮನ ಹೆಸರಿತ್ತು. ಎದೆಯ ಗಾಯ ಕೆಟ್ಟು ತೀರಿಕೊಂಡಳು ಅಂತಲೇ ಮನೆಯಲ್ಲಿ ಹೇಳಿದ್ದರು. ಆ ಗಾಯ ಒರೆಸಲೆಂದೇ ನನ್ನನ್ನು ಶಾಲೆ ಬಿಡಿಸಿದ್ದು.

ಆಗ ನಿನ್ನ ಮದುವೆಯ ಮಾತು ನಡೆಯುತ್ತಿತ್ತು. ಸುದ್ದಿ ಹೊರಬಿದ್ದರೆ ಸಂಬಂಧ ಮುರಿದೀತು ಅನ್ನಿಸಿತು. ಕೆಂಪು ಬಿಚ್ಚಿ, ಬಿಳಿ ಕಟ್ಟಿ ಕಪಾಟಿಗೆ ತಳ್ಳಿದೆ.

ಎರಡು ತಿಂಗಳ ಹಿಂದೆ ಲೆಕ್ಕ ತಾಳೆಯಾಗಲಿಲ್ಲ. ಪುಸ್ತಕದಲ್ಲಿ ಇನ್ನೂರ ಹನ್ನೆರಡು ಕೆಂಪು, ಮೇಲೆ ಇದ್ದದ್ದು ಇನ್ನೂರ ಹನ್ನೊಂದು. ಬೈಸಿಕೊಂಡವರು ನಮ್ಮ ಗುಮಾಸ್ತರು, ಗೊಣಗು ಮಾಮ. ಇಲಿ ತಿಂದಿರ್ಬೇಕು ಬಿಡಮ್ಮ, ಈ ಕೋಣೇಲಿ ಅಷ್ಟು ಶ್ರದ್ಧೆಯಿಂದ ಫೈಲು ನೋಡೋದು ಅದೊಂದೇ ಅಂತ ನಕ್ಕರು. ಆಮೇಲೆ ಮೂರು ದಿನ, ನೋವಿನ ಮಂಡಿ ಇಟ್ಟುಕೊಂಡು ಏಣಿ ಹತ್ತಿ ಇಳಿದರು. ನೋಡಲಾಗದೆ ನಾನೇ ಫೈಲು ತೆಗೆದು ಡಾಕ್ಟರಮ್ಮನ ಮುಂದಿಟ್ಟೆ.

ಆಕೆ ಬೈಯಲಿಲ್ಲ. ಮೊದಲು ನಿಮ್ಮ ರಕ್ತ ಕೊಡಿ ಅಂದರು. ನನ್ನದೇನಿದೆ, ನನಗೆ ಮಗಳದ್ದೇ ಚಿಂತೆ ಅಂದೆ. ನೀವೂ ಒಬ್ಬರ ಮಗಳಲ್ವೇನಮ್ಮ ಅಂದರು. ನನಗೆ ಅದು ಹೊಳೆದೇ ಇರಲಿಲ್ಲ ನೋಡು.

ರಕ್ತ ಕೊಟ್ಟೆ, ನನ್ನ ರಿಪೋರ್ಟು ಇನ್ನೂ ಬಂದಿಲ್ಲ. ನೀನು ಮಾತ್ರ ಬೇಗ ಬಂದು ರಕ್ತ ಕೊಟ್ಟು ಹೋಗು. ಗಂಡನಿಗೆ ನಿಜವನ್ನೇ ಹೇಳು, ನನ್ನ ಹಾಗೆ ಮುಚ್ಚಿಡಬೇಡ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಹೆದರಿ ಹೆದರಿ ಸಾಕಾಗಿದೆ ಕಣೇ.

ನಿನ್ನ
ಅಮ್ಮ

ಇನ್ನೊಂದು ಮಾತು: ಬಂದಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ನಿನ್ನೆ ಬಂತು, ಅಮ್ಮನಿಂದ ಬರುವ ಆ ದೋಷ ನನಗೆ ಇದೆ. ಎಡಗಡೆ ಎದೆಯಲ್ಲಿ ಗಡ್ಡೆಯೂ ಸಿಕ್ಕಿದೆ. ಹೋದ ವರ್ಷವೇ ಬಂದಿದ್ದರೆ ಇನ್ನೂ ಚಿಕ್ಕದಿರುತ್ತಿತ್ತು ಅಂದರು. ಮುಂದಿನ ವಾರ ಆಪರೇಷನ್. ನಿನಗೆ ಇರಲೇಬೇಕೆಂದಿಲ್ಲ, ಅರ್ಧಕ್ಕರ್ಧ ಸಾಧ್ಯತೆಯಂತೆ. ಇವತ್ತು ಬೆಳಗ್ಗೆ ನನ್ನ ಫೈಲಿಗೆ ಕೆಂಪು ದಾರ ನಾನೇ ಕಟ್ಟಿ ಮೇಲಕ್ಕೆ ಒಯ್ದು ಕೊಟ್ಟೆ. ಇಪ್ಪತ್ತೆರಡು ಮೆಟ್ಟಿಲು, ಎಲ್ಲೂ ನಿಲ್ಲಲಿಲ್ಲ.