ಒಂಬತ್ತು ಅಡಿ

ಆಗಸ್ಟ್ 2

ಚಹಾ. ಒಣ ಸಾಲ್ಮನ್ ಎರಡು ಚೂರು. ಗಾಳಿ ಪಶ್ಚಿಮದಿಂದ. ಹಳೆಯ ವಿಮಾನ ನೋಡಿ ಬಂದೆ. ಮೇ ತಿಂಗಳ ಬಿರುಗಾಳಿಗೆ ಹಗ್ಗ ಕಿತ್ತುಕೊಂಡು ಮಗುಚಿದ್ದು, ಹಾಗೇ ಬಿದ್ದಿದೆ. ರಿಪೇರಿಯಾಗುವಂಥದ್ದಲ್ಲ. ಆದರೂ ದಿನಾ ಹೋಗಿ ನೋಡುತ್ತೇನೆ.

ಒಕಲೀನಾ ಬಿಡುತ್ತಿಲ್ಲ. ಬೆರಿ ಹಣ್ಣಿನ ಕಾಲ ಮುಗಿಯುವ ಮೊದಲು ಅವಳ ಅಪ್ಪ ಬೇಸಿಗೆಯಲ್ಲಿ ಮೀನು ಹಿಡಿಯುತ್ತಿದ್ದ ಹೊಳೆದಂಡೆಯ ಕ್ಯಾಂಪಿಗೆ ಹೋಗಲೇಬೇಕಂತೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಯಾವುದಕ್ಕೂ ಹೀಗೆ ಹಟ ಹಿಡಿದವಳಲ್ಲ.

"ದೋಣೀಲಿ ಹೋಗೋಣ್ವಾ?" ಅಂದೆ.

"ಎರಡು ದಿನ ದೋಣೀಲಿ ಕೂರೋಕೆ ನನ್ನ ಸೊಂಟ ಕೇಳಲ್ಲ, ಮುದುಕಾ. ಬೇರೆ ವಿಮಾನ ತಗೋ."

ಅಲ್ಲಿ ಇಳಿಯಲು ಇರುವುದು ಹೊಳೆಯ ಮರಳುದಿಬ್ಬ ಒಂದೇ. 410 ಅಡಿ, ನಾನೇ ಅಳೆದದ್ದು. ತುದಿಯಲ್ಲಿ ಆಳದ ನೀರು. ಹಾಗಾಗಿ 385 ಅಡಿಯೊಳಗೆ ಚಕ್ರ ನೆಲ ಬಿಡಬೇಕು. ಇದು ನನ್ನ ನಿಯಮ. ಯಾರಿಗಾಗಿಯೂ ಸಡಿಲಿಸಿದ್ದಿಲ್ಲ.

ಆಗಸ್ಟ್ 5

ಹಳೆಯ ವಿಮಾನ ಮಾರುವ ಡ್ಯಾರೆಲ್ ಹತ್ತಿರ ಈಗ ಎರಡಿವೆ. ಎರಡಕ್ಕೂ ಬಾಲದಡಿ ಪುಟ್ಟ ಚಕ್ರ, ಮುಂದೆ ದಪ್ಪ ಟಯರ್. ಕೆಂಪಿನದರಲ್ಲಿ ಅಕ್ಕಪಕ್ಕ ಸೀಟು, ಹೀಟರ್ ಚೆನ್ನಾಗಿದೆ. ಹಳದಿಯದು ಹಗುರ, ಒಬ್ಬರ ಬೆನ್ನ ಹಿಂದೆ ಒಬ್ಬರು. ಒಕಲೀನಾ ಸೀದಾ ಹೋಗಿ ಕೆಂಪಿನ ಬಲಗಡೆ ಸೀಟಿನಲ್ಲಿ ಕೂತಳು. ಹಳೆಯದರಲ್ಲೂ ಅಲ್ಲೇ ಕೂರುತ್ತಿದ್ದಳು. ನಾನು ಕೇಳುವ ಮೊದಲೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಡುತ್ತಿದ್ದಳು.

ತೂಕ ನೋಡಿದೆ. ಸಾಮಾನು ತೂಗುವ ತಕ್ಕಡಿ. ನಾನು 176 ಪೌಂಡ್. ಅವಳು ಕೋಟು, ಬೂಟು ಸೇರಿ 135.

"ಏನಕ್ಕಾ, ನಿಜ ಹೇಳೋ ತಕ್ಕಡಿ ಮೇಲೆ ಧೈರ್ಯವಾಗಿ ನಿಂತ್ಬಿಟ್ಟೆ!" ಡ್ಯಾರೆಲ್ ರೇಗಿಸಿದ. ನಮ್ಮ ಕಡೆ ಎಲ್ಲರೂ ತೂಕ ಹತ್ತು ಪೌಂಡ್ ಕಡಿಮೆ ಹೇಳುತ್ತಾರೆ. ನಾವು ಪೈಲಟ್‌ಗಳು ಬಾಯಿಬಿಡದೆ ಹತ್ತು ಸೇರಿಸಿಕೊಳ್ಳುತ್ತೇವೆ.

ನನಗೆ ಸಮಾಧಾನವಾಯಿತು. ಈಚೆಗೆ ಅವಳ ಮುಖ ಇಳಿದ ಹಾಗೆ ಕಾಣುತ್ತಿತ್ತು. ಇಲ್ಲ, ಮೂರು ಪೌಂಡ್ ಇಳಿದಿದೆ ಅಷ್ಟೇ. ಆಗಸ್ಟಿನಲ್ಲೂ ದಪ್ಪ ಕೋಟು ಹಾಕುತ್ತಾಳೆ. ಚಳಿಯಂತೆ.

ಆಗಸ್ಟ್ 6

ಗಾಳಿಯಿಲ್ಲ. ಅಳೆಯಲು ಒಳ್ಳೆಯ ದಿನ. ಅವಳ ಸೀಟಿಗೆ 135 ಪೌಂಡ್ ಮರಳುಚೀಲ ಕಟ್ಟಿ ಹಾರಿಸಿದೆ. ಡ್ಯಾರೆಲ್ ಬಾವುಟ ನೆಟ್ಟು ಟೇಪ್ ಹಿಡಿದ. ಹಳದಿ: 330. ಕೆಂಪು: ಮೂರು ಸಲವೂ 394, ನನ್ನ ನಿಯಮಕ್ಕಿಂತ ಒಂಬತ್ತು ಹೆಚ್ಚು.

"ಒಂಬತ್ತು ಅಡಿಗೋಸ್ಕರ ನನ್ನನ್ನ ಬೆನ್ನ ಹಿಂದೆ ಕೂರಿಸ್ತೀಯಾ?"

"ಆ ಒಂಬತ್ತು ಅಡೀಲೇ ಕಣೇ ಜನ ಸಾಯೋದು."

ಕೆಂಪಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

ಹಳದಿ ತೆಗೆದುಕೊಂಡೆ.

ಆಗಸ್ಟ್ 19. ಕ್ಯಾಂಪ್. ಸಂಜೆ 6.

ದಾರಿಯುದ್ದಕ್ಕೂ ಅವಳ ಮುಖ ಕಾಣಲಿಲ್ಲ. ಹಿಂದಿನಿಂದ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಒಮ್ಮೆ ತಟ್ಟಿದಳು—ಕೆಳಗೆ ದೊಡ್ಡ ಕಡವೆಯಂಥ ಮೂಸ್, ಮರಿಯ ಜೊತೆ. ಹೊರಡುವಾಗ ಹೊರೆಯೇ ಇಲ್ಲದ ಹಾಗೆ ಬಾಲ ಬೇಗ ಎದ್ದಿತ್ತು. ವಿಮಾನ ಒಳ್ಳೆಯದೇ ಸಿಕ್ಕಿದೆ ಎಂದುಕೊಂಡೆ. ಹೆಡ್ಡ ನಾನು.

ಇಳಿದ ಮೇಲೆ ಹಿಂದಿನ ಸೀಟಿನಿಂದ ಏಳಲಾಗಲಿಲ್ಲ ಅವಳಿಗೆ. ಎತ್ತಿಕೊಂಡೆ. ನಲವತ್ತು ವರ್ಷ ಸಾಮಾನು ಹೇರಿದ ಕೈಗಳು ಇವು. 135 ಅಲ್ಲ. 115... ಇರಬಹುದು.

ಎತ್ತಿಕೊಂಡೇ ನಿಂತಿದ್ದೆ.

"ಬಲೆಗೆ ಕಟ್ಟೋ ಸೀಸದ ಗುಂಡು," ಅಂದಳು. "ತಕ್ಕಡಿ ಹತ್ತೋವಾಗ ಜೇಬಿಗೊಂದೊಂದು. ಹತ್ತತ್ತು ಪೌಂಡ್."

"ಯಾಕೆ?"

"ಏಪ್ರಿಲ್‌ನಲ್ಲೇ ಕ್ಲಿನಿಕ್‌ನವರು ಹೇಳಿದ್ರು. ಹೊಟ್ಟೇಲಿದೆ, ಎಲ್ಲಾ ಕಡೆ ಹರಡಿದೆ ಅಂತ. ನಿಂಗೆ ಗೊತ್ತಾಗಿದ್ರೆ ಆಂಕರೇಜ್ ಆಸ್ಪತ್ರೆಗೆ ಹಾರಿಸ್ತಿದ್ದೆ. ಇಲ್ಲಿಗಲ್ಲ."

ಬೈದೆ. ಬಾಯಿಗೆ ಬಂದಂತೆ ಬೈದೆ. ಈಗಲೇ ಹೊರಡೋಣ, ಬೆಳಕಿದೆ ಎಂದೆ.

"ಒಂದು ಸಲನಾದ್ರೂ ಆ ತಕ್ಕಡಿ ಬಿಟ್ಟು ನನ್ನ ಮುಖ ನೋಡೋ, ಮುದುಕಾ."

ನೋಡಿದೆ. ಏಪ್ರಿಲ್‌ನಿಂದ ನೋಡಬೇಕಿತ್ತು.

ಆಗಸ್ಟ್ 20

ಹೊರಡಲಿಲ್ಲ. ಅವಳು ಹೇಳಿದಂತೆ.

ಆಗಸ್ಟ್ 24

ಅರ್ಧ ಬಕೆಟ್ ಬೆರಿ. ನಾನು ಕಿತ್ತದ್ದು, ಅವಳು ಕೂತಲ್ಲಿಂದ ಎಲೆ ಆರಿಸಿದ್ದು. "ಕಾಯಿ ಎಲ್ಲಾ ಕಿತ್ತಿದೀಯಲ್ಲೋ, ಕಣ್ಣಿಲ್ವಾ?" ಕೊಬ್ಬಿನ ಜೊತೆ ಬೆರಿ ಕಲೆಸಿ ಅಕುಟಕ್ ಮಾಡಿದಳು. ಎರಡು ಚಮಚ ತಿಂದಳು. ಅಪ್ಪ ಮೀನಿಗೆ ಹೊಗೆ ಹಾಕುತ್ತಿದ್ದ ಕಂಬಕ್ಕೆ ಒರಗಿ ಮಧ್ಯಾಹ್ನವೆಲ್ಲ ಹೊಳೆ ನೋಡಿದಳು. ಖುಷಿಯಾಗಿದ್ದಳು. ಸುಳ್ಳು ಬರೆಯುತ್ತಿಲ್ಲ.

ಸೆಪ್ಟೆಂಬರ್ 3

ಮರಳುದಿಬ್ಬಕ್ಕೆ ಹಿಮ ಕಟ್ಟಿದೆ. ನೀರು ಮಾತ್ರ ಕುಡಿಯುತ್ತಾಳೆ. ಕೈ ಹಿಡಿದುಕೊಂಡಿದ್ದೇನೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 10

ಐದನೇ ತಾರೀಕು ಬೆಳಿಗ್ಗೆ ಹೋದಳು. ರೇಡಿಯೋದಲ್ಲಿ ತಿಳಿಸಿದೆ. ಅವಳ ತಮ್ಮ ನಿಕಿಫರ್ ಪಾದ್ರಿಯನ್ನು ಕೂರಿಸಿಕೊಂಡು ದೋಣಿಯಲ್ಲಿ ಬಂದ. ಅಪ್ಪನ ಶಿಲುಬೆಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಹೆಪ್ಪುಗಟ್ಟಿದ ನೆಲ, ಅಗೆಯಲು ಒಂದು ದಿನ ಹಿಡಿಯಿತು.

ಒಬ್ಬನೇ ಹಾರಿ ಬಂದೆ. ಎಷ್ಟು ಅಡಿಗೆ ನೆಲ ಬಿಟ್ಟಿತೋ ನೋಡಲಿಲ್ಲ. ಭುಜ ತಣ್ಣಗಿತ್ತು.

ಸೆಪ್ಟೆಂಬರ್ 16

ಚಹಾ. ಗಾಳಿಯಿಲ್ಲ.

ಬಲೆ ಕಟ್ಟಲು ಶೆಡ್ಡಿಗೆ ಹೋದೆ. ಸೀಸದ ಗುಂಡು ಎರಡೂ ಇದ್ದ ಜಾಗದಲ್ಲೇ ಇವೆ. ಧೂಳು ಒರೆಸಿ ಇಟ್ಟಿದ್ದಾಳೆ. ಬಲೆ ಕಟ್ಟಲಿಲ್ಲ.

ಡ್ಯಾರೆಲ್ ಹತ್ತಿರ ಹೋದೆ. ಕೆಂಪು ಇನ್ನೂ ಮಾರಾಟವಾಗಿಲ್ಲ.

"ಒಂದು ಸಲ ಹಾರಿಸ್ತೀನಿ," ಎಂದೆ. "ಬಲಗಡೆ ಸೀಟಿಗೆ 115 ಪೌಂಡ್ ಮರಳು ಕಟ್ಟು."

"ಅಣ್ಣಾ... ಬೇಡ. ಬಿಟ್ಬಿಡು."

"ಕಟ್ಟೋ."

ಕಟ್ಟಿದ. ನಾನು ಹಾರಿಸಿ ಇಳಿಸಿ ಬರುವಷ್ಟರಲ್ಲಿ ಟೇಪ್ ಹಿಡಿದು ಬಾವುಟದ ಹತ್ತಿರ ನಿಂತಿದ್ದ. ಸಂಖ್ಯೆ ಹೇಳದೆ ಟೇಪನ್ನೇ ನನ್ನ ಕೈಗೆ ಕೊಟ್ಟು ಆಚೆ ತಿರುಗಿದ.

384.

ನನ್ನ ನಿಯಮದಲ್ಲೂ ಒಂದು ಅಡಿ ಉಳಿಯುತ್ತಿತ್ತು. ಆವತ್ತು ಬಾಗಿಲು ಮುಚ್ಚುವಾಗ ಅವಳಿಗೆ ಆ ಇಪ್ಪತ್ತು ಪೌಂಡ್ ಗೊತ್ತಿತ್ತು. ನಿಜ ಹೇಳಿದ್ದರೆ ನಾನು ಕರೆದೊಯ್ಯುತ್ತಿರಲಿಲ್ಲ, ಹೇಳದೆ ಇದ್ದದ್ದಕ್ಕೆ ದಾರಿಯುದ್ದಕ್ಕೂ ಬೆನ್ನ ಹಿಂದೆ ಕೂರಿಸಿದೆ. ಪಕ್ಕದಲ್ಲೇ ಕೂತು ಬರಬಹುದಿತ್ತು. ಚಹಾ ಬಗ್ಗಿಸಿ ಕೊಡುತ್ತಿದ್ದಳು, ನಾನು ಈ ಕಡೆ ತಿರುಗಿ ಅವಳ ಮುಖ—